ಸಮುದ್ರದ ಟೂರ್ ಬದಲಾಗಿದೆ, ದಯವಿಟ್ಟು ಓದಿ

ನಮ್ಮ ಜೊತೆ ಸಮುದ್ರ ನೋಡಲು ಬಂದವರಿಗೂ, ಮುಂದಿನ ಟ್ರಿಪ್ಪಿಗೆ ಹೆಸರು ಬರೆಸಿರುವವರಿಗೂ ಮಂಡ್ಯದಿಂದ ನಮಸ್ಕಾರ.

ನೇರವಾಗಿ ಹೇಳುತ್ತೇವೆ. ಮೂರು ದಿನದಲ್ಲಿ ಐದು ಬೀಚ್ ಸುತ್ತಿಸುತ್ತಿದ್ದ ಟೂರ್ ನಿಲ್ಲಿಸಿದ್ದೇವೆ. ಇನ್ನು ಮೇಲೆ ನೀರಿಗೆ ಇಳಿಯುವುದು ಒಂದೇ ಕಡೆ, ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ. ಅದೂ ಲೈಫ್‌ಗಾರ್ಡ್ ಇರುವ ಹೊತ್ತಿನಲ್ಲಿ, ಅವರು ಗುರುತು ಹಾಕಿರುವ ಜಾಗದಲ್ಲಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಡಿ ಸಮುದ್ರದ ಕಡೆ ಹೋಗುವುದೇ ಇಲ್ಲ.

ಕಳೆದ ಸೆಪ್ಟೆಂಬರ್‌ನಲ್ಲಿ ಏನಾಯಿತು ಅಂತ ಆ ಗಾಡಿಯಲ್ಲಿದ್ದವರಿಗೆ ಗೊತ್ತು. ರಾತ್ರಿಯೆಲ್ಲಾ ಸಂಪಾಜೆ ಘಾಟಿ ಇಳಿದು, ಸರಿಯಾಗಿ ನಿದ್ದೆಯಿಲ್ಲದೆ, ಹೊಟ್ಟೆಗೂ ಏನೂ ಹಾಕಿಕೊಳ್ಳದೆ ಬೆಳಿಗ್ಗೆ ಆರೂವರೆಗೆ ಒಂದು ಬೀಚಿಗೆ ಬಂದೆವು. ಕಾವಲಿಗೆ ಯಾರೂ ಇರಲಿಲ್ಲ. ಇಬ್ಬರು ಹುಡುಗರು ಸೊಂಟದ ಮಟ್ಟ ನೀರಿಗೆ ಇಳಿದಿದ್ದರು ಅಷ್ಟೇ, ನೋಡನೋಡುತ್ತಲೇ ಒಬ್ಬ ದೂರ ಹೋಗಿಬಿಟ್ಟ. ಬಲೆ ಬಿಡಿಸುತ್ತಿದ್ದ ಮೀನುಗಾರರು ಹಗ್ಗ ತಂದು ಎಳೆದುಕೊಂಡರು. ಹುಡುಗ ಬದುಕಿದ, ಅವರಿಂದ. ಅವತ್ತು ನಾವು ಮಾಡಿದ್ದು ತಪ್ಪು. ಇಳಿಯಿರಿ ಅಂದವರು ನಾವೇ.

ಆ ಹುಡುಗ ಈಜು ಬಾರದವನೇನೂ ಅಲ್ಲ, ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಈಜಿ ಬೆಳೆದವನು. ನಮ್ಮಲ್ಲಿ ಜಾಸ್ತಿ ಜನ ಹಾಗೇ ಅಲ್ವಾ? ನಾಲೆಯಲ್ಲಿ ನೀರು ಯಾವ ಕಡೆ ಓಡುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಎದುರು ಈಜಬಾರದು, ಓರೆಯಾಗಿ ದಡ ಹಿಡಿಯಬೇಕು ಅಂತ ಹತ್ತು ವರ್ಷದ ಮಗುವಿಗೂ ಗೊತ್ತು. ಸಮುದ್ರದಲ್ಲಿ ಆ ಓಟ ಕಾಣುವುದಿಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು, ಅದು ಮರಳಿನ ದಿಬ್ಬಗಳ ನಡುವೆ ಒಂದು ಕಿರಿದಾದ ದಾರಿ ಮಾಡಿಕೊಂಡು ಜೋರಾಗಿ ಒಳಕ್ಕೆ ಓಡುತ್ತದೆ. ಮೋಸ ಹೋಗುವುದು ಇಲ್ಲೇ. ಎರಡೂ ಕಡೆ ಅಲೆ ಒಡೆದು ನೊರೆ ಬೆಳ್ಳಗಿರುತ್ತದೆ, ನಡುವೆ ಈ ದಾರಿ ಇರುವ ಕಡೆ ಮಾತ್ರ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ. ಅಲೆ ಇಲ್ಲ, ಮಕ್ಕಳಿಗೆ ಇದೇ ಒಳ್ಳೇ ಜಾಗ ಅಂತ ನಾವು ಅಲ್ಲಿಗೇ ಇಳಿಯುತ್ತೇವೆ. ಸೆಳೆತಕ್ಕೆ ಸಿಕ್ಕವರು ದಡ ಎದುರಿಗೇ ಕಾಣುತ್ತಿದೆ ಅಂತ ನೇರ ದಡಕ್ಕೆ ಈಜುತ್ತಾರೆ. ಸುಸ್ತಾಗುತ್ತಾರೆ. ಮಾಡಬೇಕಾದ್ದು ಬೇರೆ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು, ಈಜಲು ಆಗುವುದಾದರೆ ದಡದ ಉದ್ದಕ್ಕೂ ಅಡ್ಡಲಾಗಿ ಈಜಿ ಆ ದಾರಿಯಿಂದ ಆಚೆ ಬಂದು, ಆಮೇಲೆ ದಡದ ಕಡೆ ತಿರುಗಬೇಕು. ಇನ್ನು ಮುಂದೆ ಗಾಡಿಯಲ್ಲೇ ಇದನ್ನು ಎಲ್ಲರಿಗೂ ಹೇಳಿಕೊಡುತ್ತೇವೆ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಡಿಸೆಂಬರ್ ಅಂದರೆ ಮಳೆಗಾಲವೂ ಅಲ್ಲ. ಆ ಸುದ್ದಿ ಗೊತ್ತಿದ್ದೂ ನಾವು ಬದಲಾಗಿರಲಿಲ್ಲ, ಅದಕ್ಕೆ ಬೇಜಾರಿದೆ.

ಪಡುಬಿದ್ರಿ ಯಾಕೆ? 2020ರಲ್ಲಿ ನಮ್ಮ ರಾಜ್ಯದಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತವಾದ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ನೀಲಿ ಬಾವುಟ, ಸಿಕ್ಕಿದ್ದು ಎರಡು ಬೀಚಿಗೆ, ಹೊನ್ನಾವರದ ಕಾಸರಕೋಡು ಮತ್ತು ಇದು. ಆ ಬಾವುಟಕ್ಕೆ 33 ನಿಯಮ ಪಾಲಿಸಬೇಕು. ನೀರಿನ ಪರೀಕ್ಷೆ, ಲೈಫ್‌ಗಾರ್ಡ್, ಶೌಚಾಲಯ ಎಲ್ಲಾ ಅದರಲ್ಲಿ ಬರುತ್ತದೆ. ಕಾಸರಕೋಡೂ ಚೆನ್ನಾಗಿದೆ, ಆದರೆ ಮಂಡ್ಯದಿಂದ ಮೂರು ದಿನಕ್ಕೆ ಅದು ದೂರವಾಯಿತು.

ಗೋಕರ್ಣ ಬಿಟ್ಟಿದ್ದಕ್ಕೆ ಕೆಲವರು ಬೇಸರ ಮಾಡಿಕೊಂಡು ಫೋನ್ ಮಾಡಿದ್ದಾರೆ. ನಮಗೂ ಸಂಕಟವೇ. ಓಂ ಬೀಚಿನಿಂದ ಹಾಫ್ ಮೂನ್ ಕಡೆಗೆ ಗುಡ್ಡ ಹತ್ತಿ ನಡೆಯುವಾಗ ಕೆಳಗೆ ಕಾಣುವ ಸಮುದ್ರಕ್ಕೆ ಸಮ ಇಲ್ಲ. ಮರವಂತೆಯೂ ಹೋಯಿತು, ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಆದರೆ ಓಡಿ ಓಡಿ ಐದು ಬೀಚ್ ಮುಟ್ಟುವುದಕ್ಕಿಂತ ಒಂದೇ ಕಡೆ ಎರಡು ರಾತ್ರಿ ಇರುವುದು ವಯಸ್ಸಾದವರಿಗೂ ಮಕ್ಕಳಿಗೂ ಹಿತ.

ಹೊಸ ಟೂರ್ ಹೀಗೆ. ರಾತ್ರಿ ಪ್ರಯಾಣ ಇಲ್ಲ. ಶನಿವಾರ ಬೆಳಿಗ್ಗೆ 5ಕ್ಕೆ ಮಂಡ್ಯ, 6ಕ್ಕೆ ಮೈಸೂರು, ತಿಂಡಿ ಕುಶಾಲನಗರದಲ್ಲಿ. ಅವತ್ತು ಸುಮ್ನೆ ದಡದಲ್ಲಿ ಕೂತು ಸೂರ್ಯ ಮುಳುಗುವುದು ನೋಡೋಣ, ನೀರಿಗೆ ಇಳಿಯುವುದು ಭಾನುವಾರ ತಿಂಡಿ ಜೀರ್ಣವಾದ ಮೇಲೆ. ಭಾನುವಾರ ಸಂಜೆ ಕಾಪುವಿಗೆ, 1901ರ ದೀಪಸ್ತಂಭ ನೋಡಲು. ಸೋಮವಾರ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಹಲವು ಮೂಲೆಗಳಿರುವ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ಆರಿ ಆದವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಮಕ್ಕಳನ್ನು ಕರೆದುಕೊಂಡು ಬನ್ನಿ, ಮುಟ್ಟಿ ನೋಡಲಿ. ಆದರೆ ದ್ವೀಪದಲ್ಲಿ ನೀರಿಗೆ ಬಿಡುವುದಿಲ್ಲ.

ದರ ತಲೆಗೆ 6,500 ಇದ್ದದ್ದು 6,900 ಆಗಿದೆ. ಹಗಲು ಹೋಗುವುದರಿಂದ ಒಂದು ರಾತ್ರಿಯ ರೂಮು ಜಾಸ್ತಿ, ಅದರ ಖರ್ಚು ಇದು. ಮೊದಲೇ ಮುಂಗಡ ಕೊಟ್ಟವರಿಗೆ ಹಳೇ ದರವೇ. ಬದಲಾವಣೆ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್, ಆಫೀಸಿಗೆ ರಸೀದಿ ತನ್ನಿ ಸಾಕು.

ಕುಡಿದವರನ್ನು ನೀರಿಗೆ ಬಿಡುವುದಿಲ್ಲ, ಯಾರೇ ಆಗಲಿ. ಇದರಲ್ಲಿ ದಯವಿಟ್ಟು ನಮ್ಮ ಹುಡುಗರ ಜೊತೆ ವಾದ ಮಾಡಬೇಡಿ.

ಮೊದಲ ಗಾಡಿ ಜಂಬೂಸವಾರಿ ಮುಗಿದ ನಂತರದ ಶನಿವಾರ. ಹನ್ನೆರಡು ಸೀಟು ಇದೆ.

ಇಂತಿ,
ಮಂಡ್ಯದ ನಿಮ್ಮ ಟೂರ್ ಬಳಗ