ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಕಯಾಕ್ ಕೊಳ್ಳುವಾಗ ದರಕ್ಕಿಂತ ಮೊದಲು ಜಾಯಿಂಟ್ ನೋಡಿ

ಕೊಡಗು ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು, ಮಡಿಕೇರಿ, ಇವರಿಗೆ

ಮಾನ್ಯರೇ,

ಜಿಲ್ಲೆಯ ಹೊಳೆಗಳಲ್ಲಿ ರ್‍ಯಾಫ್ಟಿಂಗ್‌ಗೆ ಅನುಮತಿ ಕೊಡುವ ಮಾತೂ, ಮಳೆಗಾಲಕ್ಕೆ ಮುನ್ನ ರಕ್ಷಣಾ ಸಾಮಗ್ರಿ ಹೊಂದಿಸುವ ಮಾತೂ ಕೊನೆಗೆ ಬಂದು ನಿಲ್ಲುವುದು ನಿಮ್ಮ ಮೇಜಿನ ಮೇಲೆಯೇ. ಲೈಫ್ ಜಾಕೆಟ್ ಎಷ್ಟಿದೆ, ಹೆಲ್ಮೆಟ್ ಎಷ್ಟಿದೆ ಎಂದು ಎಣಿಸುವವರನ್ನು ದಡದಲ್ಲಿ ಕಂಡಿದ್ದೇನೆ. ದೋಣಿ ಯಾವ ಬಟ್ಟೆಯದು, ಜಾಯಿಂಟ್ ಹೇಗೆ ಕೂಡಿಸಿದ್ದು, ಒಳಗೆ ಗಾಳಿಕೋಣೆ ಎಷ್ಟು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಮಳೆಗಾಲದಲ್ಲಿ ಬರಪೊಳೆಯ ಗೈಡ್, ಉಳಿದ ತಿಂಗಳಲ್ಲಿ ಹರಿದ ದೋಣಿಗೆ ತೇಪೆ ಹಾಕುವವನು. ಅದೇ ನನ್ನ ಬದುಕು. ಹಾಗಾಗಿ ಈ ಪತ್ರದಲ್ಲಿ ಕಯಾಕ್, ಅಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಅದರ ಮಾತು ಬಿಟ್ಟು ಬೇರೇನೂ ಇಲ್ಲ.

ಮೊದಲೇ ಒಂದು ಮಾತು. ದುಬಾರೆಯ ಕಾವೇರಿಯೂ ಬರಪೊಳೆಯೂ ಒಂದೇ ಜಿಲ್ಲೆಯಲ್ಲಿವೆ ಎಂಬುದನ್ನು ಬಿಟ್ಟರೆ ಅವೆರಡಕ್ಕೂ ಸಂಬಂಧವಿಲ್ಲ. ದುಬಾರೆಯಲ್ಲಿ ನೀರು ಅಗಲವಾಗಿ ಹರಿಯುತ್ತದೆ. ಬಿದ್ದವನು ಜಾಕೆಟ್ ನಂಬಿ ತೇಲಿಕೊಂಡಾದರೂ ದಡ ಸೇರುತ್ತಾನೆ. ಬರಪೊಳೆ ಬ್ರಹ್ಮಗಿರಿ ಕಡೆಯ ಮಳೆಯನ್ನೆಲ್ಲ ಹೊತ್ತು, ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಕೇರಳದತ್ತ ಇಳಿಯುವ ಹೊಳೆ. ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ಕೆಲವು ಇಳಿತಗಳು ಅಂತರರಾಷ್ಟ್ರೀಯ ಅಳತೆಯಲ್ಲಿ ನಾಲ್ಕನೇ ದರ್ಜೆ ಮುಟ್ಟುತ್ತವೆ. ಆ ಅಳತೆಯ ಕೊನೆಯದಾದ ಆರನೇ ದರ್ಜೆ ಅಂದರೆ ಸಾಮಾನ್ಯವಾಗಿ ಇಳಿಯಬಾರದಷ್ಟು ಅಪಾಯದ್ದು ಎಂದು ಅರ್ಥ. ಈ ಎರಡು ಹೊಳೆಗಳಿಗೂ ಒಂದೇ ಷರತ್ತುಪಟ್ಟಿ ಮಾಡಿದರೆ ಒಂದು ಕಡೆ ಅತಿಯಾಯಿತು, ಇನ್ನೊಂದು ಕಡೆ ಸಾಲದಾಯಿತು.

ಕಯಾಕ್ ಯಾಕೆ ಬೇಕು ಎಂದು ನೀವು ಕೇಳಬಹುದು. ರ್‍ಯಾಫ್ಟ್ ಮಗುಚಿದಾಗ ಜನ ನಾಲ್ಕು ದಿಕ್ಕಿಗೆ ಹರಿದು ಹೋಗುತ್ತಾರೆ. ಅವರ ಹಿಂದೆ ಹೋಗಿ ಒಬ್ಬೊಬ್ಬರನ್ನೇ ಎಳೆದು ತರಲು ಸಣ್ಣ ದೋಣಿ ಬೇಕು. ಅದಕ್ಕೇ ಸೇಫ್ಟಿ ಕಯಾಕ್ ಎನ್ನುವುದು. ಗಟ್ಟಿ ಪ್ಲಾಸ್ಟಿಕ್ ಕಯಾಕ್ ಇದಕ್ಕೆ ಚುರುಕು, ಒಪ್ಪುತ್ತೇನೆ. ಆದರೆ ಅದು ಮಗುಚಿದಾಗ ಒಳಗೆ ಕೂತಂತೆಯೇ ನೀರಡಿಯಿಂದ ತಿರುಗಿ ಏಳುವ ವಿದ್ಯೆ ಬೇಕು, ಅದು ಕೈಗೂಡಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮಾತ್ರ ಹೊಳೆ ಸಿಗುವ ನಮ್ಮ ಹುಡುಗರಿಗೆ ಗಾಳಿ ತುಂಬುವ ಕಯಾಕೇ ಸರಿ. ಮಗುಚಿದರೆ ಹೊರಗೆ ಬಿದ್ದು, ತಿರುಗಿಸಿ, ಮತ್ತೆ ಹತ್ತಬಹುದು. ಮಡಚಿ ಜೀಪಿಗೆ ಹಾಕಿದರೆ ತೋಟದ ರಸ್ತೆಯಲ್ಲೂ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನಿಮ್ಮ ಕಚೇರಿಯ ದಾಖಲೆಯಲ್ಲೇ ಇದೆ. ಅಂಥ ಕಡೆ ಮೋಟಾರ್ ದೋಣಿಯ ಕೆಲಸವನ್ನು ಕಯಾಕ್ ಮಾಡಲಾರದು. ಮೋಟಾರ್ ಹೋಗದ ಬೇಲಿಸಂದಿಗೆ, ಮನೆಯ ಹಿಂಬದಿಗೆ ಹೋಗಬಲ್ಲದು, ಅಷ್ಟೇ.

ಈಗ ಖರೀದಿಯ ವಿಷಯ. ‘ಇನ್‌ಫ್ಲೇಟಬಲ್ ಕಯಾಕ್, ಇಬ್ಬರು ಕೂರುವಂಥದ್ದು, ಪಂಪ್ ಸಹಿತ’ ಎಂದಷ್ಟೇ ಬರೆದು ಟೆಂಡರ್ ಕರೆದರೆ ರೆಸಾರ್ಟ್ ಈಜುಕೊಳದ ಆಟಿಕೆಯೂ ಅರ್ಹವಾಗುತ್ತದೆ, ಕಡಿಮೆ ದರವೂ ಅದರದ್ದೇ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಹಳದಿಯೋ ಕೆಂಪೋ ಬಣ್ಣ, ಎರಡು ಸೀಟು, ಎರಡು ಹುಟ್ಟು. ಆಟಿಕೆಯದು ತೆಳು ವಿನೈಲ್ ಹಾಳೆ, ಒಳಗೆ ನೇಯ್ಗೆಯೇ ಇರುವುದಿಲ್ಲ. ಬಂಡೆಗೆ ಉಜ್ಜಿದರೆ ಸೀಳು ಎಲ್ಲಿಗೆ ನಿಲ್ಲುತ್ತದೆಂದು ಹೇಳಲಾಗದು. ಕೆಲಸದ ದೋಣಿಯಲ್ಲಿ ಪಾಲಿಯೆಸ್ಟರ್ ಅಥವಾ ನೈಲಾನ್ ನೇಯ್ಗೆಯ ಎರಡೂ ಬದಿಗೆ ಲೇಪನವಿರುತ್ತದೆ. ಕೊಳವೆಗೆ 1000 ಡೆನಿಯರ್ (ನೂಲಿನ ದಪ್ಪದ ಅಳತೆ) ಆಸುಪಾಸಿನ ನೂಲು, ತಳಕ್ಕೆ ಇನ್ನೂ ದಪ್ಪ.

ಆ ಲೇಪನ ಯಾವುದು ಎಂಬಲ್ಲಿ ಗೈಡ್‌ಗಳ ನಡುವೆಯೇ ಜಗಳವಿದೆ. ಹೈಪಲಾನ್ ಎಂಬ ಕೃತಕ ರಬ್ಬರ್ ಬಿಸಿಲಿಗೆ, ಉಜ್ಜಾಟಕ್ಕೆ, ಮಡಚಾಟಕ್ಕೆ ಜಗ್ಗದು, ವರ್ಷಾನುಗಟ್ಟಲೆ ಬಾಳುತ್ತದೆ. (ಆ ಹೆಸರಿನ ಮೂಲ ರಬ್ಬರ್ ತಯಾರಿಯನ್ನು ಡುಪಾಂಟ್ ಕಂಪನಿ 2010ರಲ್ಲೇ ನಿಲ್ಲಿಸಿತು. ಈಗ ಬರುವುದು ಬೇರೆಯವರು ತಯಾರಿಸುವ ಅದೇ ಜಾತಿಯ ಸಿಎಸ್‌ಎಂ. ಬರೀ ‘ಹೈಪಲಾನ್’ ಎಂಬ ಮಾತಿಗೆ ಒಪ್ಪದೆ ಬಟ್ಟೆ ತಯಾರಕರ ಪ್ರಮಾಣಪತ್ರ ಕೇಳಿ.) ಪಿವಿಸಿ ಅಗ್ಗ, ಗಡುಸು, ಬಂಡೆಯ ಮೇಲೆ ಚೆನ್ನಾಗಿ ಜಾರುತ್ತದೆ. ಬಿಸಿಲಲ್ಲಿ ಬಿದ್ದರೆ ಮಾತ್ರ ಅದರ ಮೆದುತನ ಹೋಗಿ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ.

ಪುಸ್ತಕದ ಪ್ರಕಾರ ಹೈಪಲಾನ್ ಗೆಲ್ಲಬೇಕು. ಕೊಡಗಿನ ಲೆಕ್ಕ ಬೇರೆ, ಅದಕ್ಕೆ ಕಾರಣ ನಮ್ಮ ಹವೆ. ಹೈಪಲಾನ್ ದೋಣಿಯ ಜಾಯಿಂಟ್‌ಗಳನ್ನು ಅಂಟಿನಿಂದ ಕೂಡಿಸುತ್ತಾರೆ. ಪಿವಿಸಿಯನ್ನು ಬಿಸಿಗಾಳಿಯಿಂದಲೋ ಯಂತ್ರದಿಂದಲೋ ಕರಗಿಸಿ ಬೆಸೆಯಬಹುದು. ದೋಣಿಯ ಅಂಟು ಎರಡು ಭಾಗದ್ದು, ಹಚ್ಚುವ ಹೊತ್ತಿಗೆ ಬೆರೆಸಬೇಕು. ಅದರೊಳಗಿನ ದ್ರಾವಕ ಆವಿಯಾಗುವಾಗ ಬಟ್ಟೆಯ ಮೈ ತಣ್ಣಗಾಗುತ್ತದೆ, ತಣ್ಣಗಾದ ಮೈ ಮೇಲೆ ಗಾಳಿಯ ತೇವ ಕಾಣದ ಹಾಗೆ ಕೂರುತ್ತದೆ. ಅದರ ಮೇಲೆ ತೇಪೆ ಒತ್ತಿದರೆ ಆ ಕ್ಷಣಕ್ಕೆ ಕಚ್ಚಿದಂತೆ ಕಾಣುತ್ತದೆ. ಮರುದಿನ ಹೊಳೆಯಲ್ಲಿ ಮೂಲೆ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಡೀ ತೇಪೆಯನ್ನು ಉಗುರಿನಿಂದ ಬಿಡಿಸಬಹುದು. ಗೋಡೆಯೇ ಬೆವರುವ, ಒಗೆದ ಬಟ್ಟೆ ವಾರವಾದರೂ ಒಣಗದ ಜುಲೈ ತಿಂಗಳಲ್ಲಿ ಟಿ. ಶೆಟ್ಟಿಗೇರಿಯ ಶೆಡ್ಡಿನಲ್ಲಿ ಕೂತು ನಂಬಿಕೆಯ ತೇಪೆ ಹಾಕುವುದು ಆಗದ ಕೆಲಸ. ದೋಣಿ ಹರಿದು ತೂತಾಗುವುದೂ ಅದೇ ತಿಂಗಳಲ್ಲಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ನಮ್ಮ ಜಿಲ್ಲೆಗೆ ಬೆಸೆದ ಜಾಯಿಂಟ್‌ನ ದಪ್ಪ ಪಿವಿಸಿ ಕಯಾಕ್ ಕೊಳ್ಳಿ. ಇಲ್ಲವೇ ಹೊರಗೆ ಪಿವಿಸಿ ಕವಚ, ಒಳಗೆ ಬೇರೆಯೇ ಯುರೇಥೇನ್ ಬ್ಲ್ಯಾಡರ್ (ಗಾಳಿ ತುಂಬುವ ಪ್ಲಾಸ್ಟಿಕ್ ಚೀಲ) ಇರುವ ಮಾದರಿ ಕೊಳ್ಳಿ. ಇದರಲ್ಲಿ ಜಿಪ್ ಬಿಚ್ಚಿ ಹಳೇ ಬ್ಲ್ಯಾಡರ್ ತೆಗೆದು ಹೊಸದು ತುರುಕಿದರೆ ಮುಗಿಯಿತು, ಅಂಟಿನ ಹಂಗೇ ಇಲ್ಲ. ಬ್ಲ್ಯಾಡರ್ ಮತ್ತು ಕವಚದ ನಡುವೆ ಮರಳು ಸೇರಿಕೊಳ್ಳುವುದು ಇದರ ಕಾಟ; ಸೀಸನ್ ಮುಗಿದ ಮೇಲೆ ಬಿಚ್ಚಿ ತೊಳೆಯದಿದ್ದರೆ ಒಳಗೊಳಗೇ ಸವೆಯುತ್ತದೆ. ಬಂದ ದೋಣಿ ಬೆಸೆದದ್ದೋ ಅಂಟಿಸಿದ್ದೋ ಎಂದು ತಿಳಿಯಲು ಜಾಯಿಂಟ್ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಅಂಟಿನದಾದರೆ ಸಾಮಾನ್ಯವಾಗಿ ಹಳದಿಯ ಸಣ್ಣ ಗೆರೆ ಹೊರಗೆ ಉಳಿದಿರುತ್ತದೆ.

ಎರಡನೆಯದು ತಳ. ನೊರೆನೀರಿಗೆ ಸೆಲ್ಫ್ ಬೇಲಿಂಗ್ ಇಲ್ಲದ ಕಯಾಕ್ ಬೇಡವೇ ಬೇಡ. ಗಾಳಿ ತುಂಬಿದ ತಳ ಹೊಳೆಮಟ್ಟಕ್ಕಿಂತ ಮೇಲೆ ಕೂತು, ಅಂಚಿನ ತೂತುಗಳಿಂದ ನೀರು ತಾನಾಗಿ ಇಳಿದು ಹೋಗುವ ವ್ಯವಸ್ಥೆ ಅದು. ಅದಿಲ್ಲದ ದೋಣಿಗೆ ಒಂದೇ ಅಲೆಯಲ್ಲಿ ನೂರೈವತ್ತು ಲೀಟರ್ ನೀರು ಹೊಕ್ಕರೆ ನೂರೈವತ್ತು ಕಿಲೋ ಭಾರ ಏರಿತು, ಅದೂ ಅತ್ತಿತ್ತ ಹೊಯ್ದಾಡುವ ಭಾರ. ಅಂಥದ್ದರಲ್ಲಿ ಕೂತವನು ಬೇರೆಯವರನ್ನು ಕಾಪಾಡುವುದಿರಲಿ, ಅವನನ್ನೇ ಯಾರಾದರೂ ಕಾಪಾಡಬೇಕು.

ತಳದೊಳಗೆ ಉದ್ದುದ್ದಕ್ಕೆ ಪಟ್ಟಿಗಳಿರುತ್ತವೆ, ತಳ ಚಪ್ಪಟೆಯಾಗಿ ನಿಲ್ಲುವುದು ಅವುಗಳಿಂದಲೇ. ಮೇ ತಿಂಗಳ ಮಧ್ಯಾಹ್ನ ದುಬಾರೆಯ ಮರಳಿನ ಮೇಲೆ ತುಂಬು ಗಾಳಿಯಲ್ಲಿ ಬಿಟ್ಟ ದೋಣಿಯಲ್ಲಿ ಗಾಳಿ ಹಿಗ್ಗಿ, ಪಟ್ಟಿ ಕಿತ್ತು, ತಳ ಹಲಸಿನ ಹಣ್ಣಿನ ಹಾಗೆ ಉಬ್ಬುತ್ತದೆ. ಹೊರಗೆ ತೂತಿರುವುದಿಲ್ಲ, ಗಾಳಿಯೂ ಸೋರುವುದಿಲ್ಲ, ಆದರೂ ಆ ದೋಣಿಯ ಕಥೆ ಮುಗಿದ ಹಾಗೆಯೇ. ತಳಕ್ಕೆ ಪ್ರೆಶರ್ ರಿಲೀಫ್ ವಾಲ್ವ್ ಇದ್ದರೆ ಹೆಚ್ಚಾದ ಗಾಳಿ ತಾನೇ ಹೊರಹೋಗುತ್ತದೆ. ಆ ವಾಲ್ವ್ ಕಡ್ಡಾಯ ಎಂದು ಬರೆಯಿಸಿ. ಹೆಚ್ಚಿನ ಒತ್ತಡದ ಡ್ರಾಪ್‌ಸ್ಟಿಚ್ ತಳ (ಮೇಲಿನ ಕೆಳಗಿನ ಪದರಗಳನ್ನು ಒಳಗೆ ಸಾವಿರಾರು ನೂಲುಗಳಿಂದ ಕೂಡಿಸಿದ್ದು) ಗಟ್ಟಿಯಾಗಿ ನಿಲ್ಲುತ್ತದೆ, ವೇಗವೂ ಹೆಚ್ಚು. ಆದರೆ ಚೂಪು ಬಂಡೆಗೆ ಬಡಿದಾಗ ಬಗ್ಗಿ ಜಾರುವ ಗುಣ ಅದಕ್ಕೆ ಕಡಿಮೆ. ಸರೋವರಕ್ಕೆ ಅದು ಒಳ್ಳೆಯದು, ಬರಪೊಳೆಗೆ ನಾನು ಕೊಳ್ಳುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಎರಡು ಬದಿ, ಒಂದು ತಳ ಎಂದು ಕನಿಷ್ಠ ಮೂರು ಪ್ರತ್ಯೇಕ ಗಾಳಿಕೋಣೆ ಬೇಕು. ವಾಲ್ವ್ ರ್‍ಯಾಫ್ಟ್‌ಗಳಲ್ಲಿ ಬಳಸುವಂಥದ್ದೇ ಇರಲಿ, ಆಗ ಒಂದೇ ಪಂಪ್, ಒಂದೇ ಬಿಡಿಭಾಗ ಎಲ್ಲಕ್ಕೂ ಆಗುತ್ತದೆ. ಎರಡೂ ತುದಿಗೆ ಹಿಡಿಕೆ ಇರಲಿ, ಜೋತಾಡುವ ಹಗ್ಗ ಮಾತ್ರ ಬೇಡ, ಕಾಲಿಗೆ ಸುತ್ತಿಕೊಂಡರೆ ಕೆಲಸ ಕೆಟ್ಟಿತು. ಗಾಳಿ ತುಂಬುವ ದೋಣಿಗಳಿಗೆ ಐಎಸ್‌ಒ 6185 ಎಂಬ ಮಾನದಂಡವಿದೆ, ಟೆಂಡರ್‌ನಲ್ಲಿ ಆ ಸಂಖ್ಯೆ ಹಾಕಿಸಿ.

ಕಾನೂನು ಅಡ್ಡ ಬರುತ್ತದೆ, ಕಡಿಮೆ ದರದವನಿಗೇ ಕೊಡಬೇಕು ಎಂದು ಕಚೇರಿಯಲ್ಲಿ ಹೇಳಬಹುದು. ರಾಜ್ಯದ 1999ರ ಪಾರದರ್ಶಕ ಸಂಗ್ರಹಣಾ ಕಾಯ್ದೆಯಡಿಯಲ್ಲೂ ಎರಡು ಲಕೋಟೆ ಪದ್ಧತಿ ನಡೆಯುತ್ತದೆ: ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ದರ ಮಾತ್ರ ತೆರೆಯುವುದು. ತಾಂತ್ರಿಕ ವಿವರವನ್ನು ಯಾರು ಬರೆಯುತ್ತಾರೆ ಎಂಬುದರಲ್ಲೇ ಎಲ್ಲ ಇದೆ. ನಮ್ಮ ಮಣ್ಣಿನ ಮಗ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ರಾಜ್ಯ ಸರ್ಕಾರದ್ದೇ. ಗೋವಾದಲ್ಲಿ ಕೇಂದ್ರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅವರಿಂದ ಒಬ್ಬರು, ಹೊಳೆಯಲ್ಲಿ ದುಡಿಯುವ ಗೈಡ್‌ಗಳಲ್ಲಿ ಇಬ್ಬರು ಕೂತರೆ ಒಂದು ಮಧ್ಯಾಹ್ನದ ಕೆಲಸ.

ಪರವಾನಗಿಗೂ ಒಂದು ಷರತ್ತು ಸೇರಿಸಿ. ಪ್ರತಿ ದೋಣಿಗೆ ಸಂಖ್ಯೆ, ಸಂಖ್ಯೆಗೊಂದು ಪುಸ್ತಕ; ಸೀಸನ್‌ಗೆ ಮುನ್ನ ತುಂಬು ಗಾಳಿಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಒತ್ತಡ ಅಳೆಯಬೇಕು, ವಾಲ್ವ್ ಮತ್ತು ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಬೆಳಗಿನ ಚಳಿಗೆ ಒತ್ತಡ ತುಸು ಇಳಿಯುವುದು ಸಹಜ, ಅದನ್ನು ದೋಷ ಎಂದು ಬರೆಯಬಾರದು. ತಿರಸ್ಕರಿಸಿದ ದೋಣಿಯನ್ನು ನಿಮ್ಮ ಸಿಬ್ಬಂದಿ ಎದುರಲ್ಲೇ ಕತ್ತರಿಸಿ. ಇಲ್ಲದಿದ್ದರೆ ಅದು ಯಾವುದೋ ಹೋಂಸ್ಟೇಯ ತೋಟದ ಕೆರೆಗೆ ಹೋಗಿ, ಈಜು ಬಾರದ ಬೆಂಗಳೂರಿನ ಮಕ್ಕಳನ್ನು ಕೂರಿಸಿಕೊಳ್ಳುತ್ತದೆ.

ಇನ್ನೊಂದು ಕೋರಿಕೆಯಿದೆ, ದೊಡ್ಡ ಖರ್ಚಿನದಲ್ಲ. ವಿರಾಜಪೇಟೆಯಲ್ಲೋ ಗೋಣಿಕೊಪ್ಪಲಿನಲ್ಲೋ ಸರ್ಕಾರಿ ಕಟ್ಟಡದ ಒಂದು ಕೋಣೆ ಕೊಡಿ. ಬಾಗಿಲು ಬಿಗಿಯಾಗಿ ಮುಚ್ಚಬೇಕು. ತೇವ ಹೀರುವ ಯಂತ್ರ, ತೇವ ಅಳೆಯುವ ಮಾಪಕ, ಅಂಟಿನ ಹೊಗೆ ಹೊರಗೆ ಹಾಕಲು ಒಂದು ಫ್ಯಾನ್, ಉದ್ದನೆಯ ಮೇಜು ಇರಬೇಕು. ದೋಣಿ ಸರ್ಕಾರದ್ದಿರಲಿ ಖಾಸಗಿಯವರದ್ದಿರಲಿ, ಮಳೆಗಾಲದಲ್ಲಿ ಅಲ್ಲಿ ರಿಪೇರಿಯಾಗಲಿ, ಶುಲ್ಕ ವಸೂಲಿ ಮಾಡಿ. ಇಲಿಗಳು ಬಾರದಂತೆ ಜಾಲರಿ ಹಾಕಿಸುವುದನ್ನು ಮರೆಯಬೇಡಿ. ಮಡಚಿಟ್ಟ ದೋಣಿಯ ಮಡಿಕೆಯನ್ನೇ ಹುಡುಕಿ ಕಡಿಯುತ್ತವೆ.

ಮುಂಗಾರಿಗೆ ದೋಣಿ ಕೈಗೆ ಬರಬೇಕಾದರೆ ಕಾಫಿ ಕೊಯ್ಲು ಮುಗಿಯುವುದರೊಳಗೆ ಆದೇಶ ಹೋಗಿರಬೇಕು; ಒಳ್ಳೆಯ ಕಯಾಕ್‌ಗಳು ಹೆಚ್ಚಿನವು ಹೊರದೇಶದಿಂದಲೇ ಬರುವುದು. ಮಾದರಿ ದೋಣಿ ಬಂದಾಗ ಹಣ ಬಿಡುಗಡೆ ಮಾಡುವ ಮೊದಲು ನಮಗೊಂದು ಮಾತು ತಿಳಿಸಿ. ಜಾಯಿಂಟ್ ಎತ್ತಿ ನೋಡಿ, ರಾತ್ರಿಯಿಡೀ ಗಾಳಿಯಲ್ಲಿಟ್ಟು, ಬೆಳಿಗ್ಗೆ ಒಪ್ಪಿಗೆಯೋ ವಾಪಸೋ ಎಂದು ಬರೆದು ಸಹಿ ಹಾಕಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಬರಪೊಳೆಯ ಒಬ್ಬ ರಿವರ್ ಗೈಡ್
ದಕ್ಷಿಣ ಕೊಡಗು