ಮೊದಲು ಬೆರಳು ತೋರಿಸಿ, ಆಮೇಲೆ ರೀಲ್

ಎನ್ನಿಸ್, ಕೌಂಟಿ ಕ್ಲೇರ್, ಐರ್ಲೆಂಡ್
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಅಮ್ಮನ ಕಾಗದ ಬಂತು. ನಿಮ್ಮ ಎಡಗೈ ಉಂಗುರದ ಬೆರಳು ಬೆಳಿಗ್ಗೆ ಎದ್ದಾಗ ಮಡಚಿದಂತೆಯೇ ಸಿಕ್ಕಿಕೊಳ್ಳುತ್ತದಂತೆ, ಬಿಡಿಸಿದರೆ ಟಕ್ ಅನ್ನುತ್ತದಂತೆ, ಆದರೂ ಪಾಠ ನಿಲ್ಲಿಸಿಲ್ಲವಂತೆ. ನೀವು ಬರೆದ ಪುಟದಲ್ಲಿ ಅದರ ಸುದ್ದಿಯೇ ಇಲ್ಲ. ಇಲ್ಲಿಯವರು ರೀಲ್ ಅನ್ನುವ ಕುಣಿತದ ಮಟ್ಟನ್ನು ಪಿಟೀಲಿನಲ್ಲಿ ನುಡಿಸುವಾಗ ಸ್ವರ ಹೇಗೆ ಬದಲಾಯಿಸುತ್ತಾರೆ ಅಂತ ಮಾತ್ರ ಕೇಳಿದ್ದೀರಿ. ಬರೆಯುತ್ತೇನೆ. ಆದರೆ ಪಿಟೀಲು ಮುಟ್ಟಬೇಡಿ, ಬಾಯಲ್ಲಿ ಹಾಡಿಕೊಂಡು ಓದಿ.

ರೀಲ್‌ನ ಒಂದು ಆವರ್ತಕ್ಕೆ ಎಂಟು ಅಕ್ಷರ, ಅಂದರೆ ತಾಳದ ಎಂಟು ಸಮ ಎಣಿಕೆ, ಒತ್ತು ಒಂದು ಮತ್ತು ಐದರ ಮೇಲೆ. ಅಂಥ ಎಂಟು ಆವರ್ತ ಒಂದು ಭಾಗ. ಸಾಮಾನ್ಯವಾಗಿ ಎರಡು ಭಾಗ, ಒಂದೊಂದೂ ಎರಡು ಸಲ, ಒಟ್ಟು 32 ಆವರ್ತ. ಇದನ್ನು ಎರಡು ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದು ರೀಲ್‌ಗೆ ಹಾರುತ್ತಾರೆ. ಕೈಯಲ್ಲಿ ತಾಳ ಹಾಕುವವರಿಲ್ಲ, ಕಾಲೇ ತಾಳ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಸುತ್ತ ಕೂರುತ್ತಾರೆ, ಕೇಳುವವರಿಗೆ ಬೆನ್ನು ಬಿದ್ದರೂ ಚಿಂತೆಯಿಲ್ಲ. ಇದು ನಡೆಯುವುದು ಪಬ್‌ನಲ್ಲಿ ಅಂತ ಅಮ್ಮ ಗಾಬರಿಯಾಗುವುದು ಬೇಡ, ಅಲ್ಲಿ ಟೀ ಕೇಳಿದರೂ ಕೊಡುತ್ತಾರೆ.

ಕೂಲೀಸ್ ರೀಲ್ ತೆಗೆದುಕೊಳ್ಳಿ. ಗಾಲ್ವೇ ಕಡೆಯ ಅಕಾರ್ಡಿಯನ್ ವಾದಕ ಜೋ ಕೂಲಿ (1924–1973) ಹೆಸರಿನಲ್ಲಿ ನಿಂತಿರುವ ರೀಲ್ ಇದು. ಇಲ್ಲಿಯವರ ಇ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ಸ್ವರಸ್ಥಾನಗಳು ಪೂರ್ತಿ ನಮ್ಮ ಖರಹರಪ್ರಿಯ ರಾಗದವೇ. ಮೊದಲ ಮೂರು ಆವರ್ತ ಹೀಗೆ, ಮೂರನೆಯದರ ನಿ ಮಂದ್ರದ್ದು, ಅಂದರೆ ಕೆಳಗಿನ ಸ್ಥಾಯಿಯದು, ಅಲ್ಪವಿರಾಮ ಇದ್ದಲ್ಲಿ ಹಿಂದಿನ ಸ್ವರವನ್ನು ಇನ್ನೊಂದಕ್ಷರ ಎಳೆಯಬೇಕು:

ಸಪಪಮ ಪ,ಸಪ | ಪ,ಮಪ ನಿಪಮಗ | ರಿನಿಮನಿ ಪನಿಮನಿ |

ಮೊದಲ ಸುತ್ತು ಇಷ್ಟನ್ನೇ, ಸಾದಾ. ಆಮೇಲೆ ಬದಲಾವಣೆ. ಎರಡನೆಯ ಆವರ್ತದಲ್ಲಿ ನಿ-ಪ ನಡುವೆ ಒಂದು ಸ್ವರದ ತೆರಪಿದೆ. ಅಲ್ಲಿ ಚತುಶ್ರುತಿ ಧೈವತ (ದ) ಸೇರಿಸಿ ನಿದಪ ಅಂತ ಮೂರನ್ನೂ ಅದೇ ಎರಡಕ್ಷರದಲ್ಲಿ ತುಂಬುತ್ತಾರೆ. ಮೊದಲ ಆವರ್ತದ ಉದ್ದ ಪಂಚಮವನ್ನು (ಪ) ಪಪಪ ಅಂತ ಮೂರು ಪುಟ್ಟ ಕಮಾನಿನಲ್ಲಿ ಒಡೆಯುತ್ತಾರೆ. ಅದು ಮಣಿಕಟ್ಟಿನ ಕೆಲಸ, ಕಮಾನು ಓಡುವುದು ಎರಡು ಮೂರು ಸೆಂಟಿಮೀಟರ್ ಅಷ್ಟೇ. ತೋಳು ಬಳಸಿದರೆ ಮುಂದಿನ ಷಡ್ಜ ತಡವಾಗುತ್ತದೆ. ಮೂರನೆಯ ಆವರ್ತದಲ್ಲಿ ರಿನಿ ಬದಲು ನಿ, ಅಂತ ಎಳೆಯುತ್ತಾರೆ. ಒತ್ತಿನ ಸ್ವರವನ್ನೇ ಬದಲಾಯಿಸಿದಂತಾಯಿತು, ಆದರೂ ಕಿವಿಗೆ ಒಪ್ಪುತ್ತದೆ, ಏಕೆಂದರೆ ಆ ಆವರ್ತದ ನೆಲವೇ ಮಂದ್ರ ನಿಷಾದ (ನಿ). ಬೇರೆ ಕಡೆ ಒತ್ತಿನ ಸ್ವರ ಮುಟ್ಟಿದರೆ ರೀಲ್‌ನ ಗುರುತೇ ಹೋಗುತ್ತದೆ. ಭಾಗ ಮುಗಿಯುವ ನಿಸರಿನಿ ಸ, ಮಾತ್ರ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಸಂಗತಿ, ಅಂದರೆ ಕೃತಿಯ ಒಂದೇ ಸಾಲನ್ನು ಬದಲಾಯಿಸಿ ಮತ್ತೆ ಹಾಡುವುದು; ಆಗಿಂದಾಗ ಹೊಸದಾಗಿ ಸ್ವರ ಕಟ್ಟುವ ಕಲ್ಪನಾಸ್ವರ ಅಲ್ಲ. ಆದರೆ ಸಂಗತಿಯನ್ನು ನಾವು ಒಂದರ ಮೇಲೊಂದು ಏರಿಸುತ್ತೇವೆ. ಇಲ್ಲಿ ಏರಿಕೆ ಇಲ್ಲ. ಈ ಸುತ್ತಿನಲ್ಲಿ ಬದಲಾಯಿಸಿದ್ದನ್ನು ಮುಂದಿನ ಸುತ್ತಿನಲ್ಲಿ ಸಾದಾ ಬಿಟ್ಟು ಇನ್ನೆಲ್ಲೋ ಕೈ ಹಾಕುತ್ತಾರೆ. ಹತ್ತು ಜನ ಸೇರಿ ನುಡಿಸುವಾಗ ಅದೂ ಕಡಿಮೆ, ಇಲ್ಲದಿದ್ದರೆ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಇನ್ನು ರೋಲ್ ಅನ್ನುವ ಅಲಂಕಾರ. ನೀವು ಕೇಳಿದ್ದು ಮುಖ್ಯವಾಗಿ ಇದನ್ನೇ. ಪಪಮ ಇರುವ ಮೂರಕ್ಷರದ ಜಾಗದಲ್ಲಿ ಪ-ನಿ-ಪ-ಮ-ಪ. ಬರೆದರೆ ಐದು ಸ್ವರ, ಕೇಳಬೇಕಾದದ್ದು ಮೂರು ಪಂಚಮ. ನಿ ಮತ್ತು ಮ ಬರೀ ತಟ್ಟು, ಮೃದಂಗದ ಸೊಲ್ಲಿನ ಹಾಗೆ, ಸ್ವರವಾಗಿ ನಿಲ್ಲಬಾರದು. ನಮ್ಮ ಕಡೆ ಕಲಿತವರು ತಪ್ಪುವುದು ಇಲ್ಲೇ: ಐದನ್ನೂ ಸಮವಾಗಿ ಹಂಚುತ್ತಾರೆ, ಇಲ್ಲವೇ ಪಂಚಮವನ್ನು ಗಮಕದಂತೆ ತೂಗುತ್ತಾರೆ. ಎರಡರಲ್ಲೂ ಓಟ ಸಾಯುತ್ತದೆ. ನಮ್ಮ ಪಿಟೀಲಿನ ತಂತಿಗಳ ಸ-ಪ-ಸ-ಪ ಶ್ರುತಿಯಲ್ಲಿ ಈ ಬೆರಳುಗಳು ಕೂರುವುದೂ ಇಲ್ಲ. ಇಲ್ಲಿ ಜಿ-ಡಿ-ಎ-ಇ, ಯಾವ ಎರಡು ಅಕ್ಕಪಕ್ಕದ ತಂತಿ ನೋಡಿದರೂ ಪಂಚಮದ ಅಂತರ. ಎ ತಂತಿಯ ಮೇಲೆ ತೋರುಬೆರಳಿನಲ್ಲಿ ಪ, ಅದನ್ನು ಎತ್ತಿದರೆ ಮ, ನಿ ತಟ್ಟುವುದು ಉಂಗುರದ ಬೆರಳು.

ಅದೇ ಬೆರಳು, ಅಪ್ಪ. ಹಾಗಾಗಿ ಈಗ ಬೇಡ. ಮಧ್ಯದ ಬೆರಳಿನಲ್ಲಿ ದ ತಟ್ಟಿದರೂ ರೋಲ್ ಆಗುತ್ತದೆ, ಅದನ್ನು ಆಮೇಲೆ ನೋಡೋಣ. ಅಮ್ಮ ಬರೆದ ಲಕ್ಷಣ ನೋಡಿದರೆ ಟ್ರಿಗರ್ ಫಿಂಗರ್ ಇರಬಹುದು, ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು. ಮೂಳೆ ಡಾಕ್ಟರಿಗೆ ಈ ವಾರವೇ ತೋರಿಸಿ. ಎಣ್ಣೆ ತಿಕ್ಕಿ ಜೋರಾಗಿ ಎಳೆಯುವುದು ಬೇಡ. ಮೊದಲು ವಿಶ್ರಾಂತಿ, ಪಟ್ಟಿ ಅನ್ನುತ್ತಾರೆ, ಇಲ್ಲವೇ ಸ್ಟೀರಾಯ್ಡ್ ಇಂಜೆಕ್ಷನ್. ಅದು ಕೊಟ್ಟ ಮೇಲೆ ಕೆಲವು ದಿನ ಶುಗರ್ ಏರಬಹುದು, ಆದ್ದರಿಂದ ಶುಗರ್ ಇದೆ ಅಂತ ಮೊದಲೇ ಹೇಳಿ, ಮಾತ್ರೆ ಚೀಟಿ ಒಯ್ಯಿರಿ. ತೀರಾ ಆಗದಿದ್ದರೆ ಚಿಕ್ಕ ಆಪರೇಷನ್, ಕೈಯಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಹೆದರುವಂಥದ್ದು ಏನೇನೂ ಇಲ್ಲ, ಖಂಡಿತ ಇಲ್ಲ. ದುಡ್ಡು ಶುಕ್ರವಾರವೇ ಹಾಕಿದ್ದೇನೆ, ಅದನ್ನು ಇದಕ್ಕೇ ಬಳಸಿ.

ಅಲ್ಲಿಯವರೆಗೆ ಕೇಳುತ್ತಿರಿ. ಸ್ಲೈಗೊದ ಮೈಕಲ್ ಕೋಲ್ಮನ್ (1891–1945) 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಕೊಟ್ಟ ಪ್ಲೇಟುಗಳು ಮೊದಲು: ಒಂದೇ ಭಾಗ ಎರಡನೆಯ ಸಲ ಬಂದಾಗ ಏನು ಬದಲಾಯಿತು ಅಂತ ಗುರುತು ಹಾಕಿ. ಡಬ್ಲಿನ್‌ನ ಟಾಮಿ ಪಾಟ್ಸ್ (1912–1988) ಆಮೇಲೆ, ಅವರು ಆವರ್ತದ ಲೆಕ್ಕವನ್ನೇ ಹಿಗ್ಗಿಸುತ್ತಾರೆ. ಡಿ ಷಡ್ಜದ ಕೆಲವು ರೀಲ್‌ಗಳಲ್ಲಿ ಏರುವಾಗ ಕಾಕಲಿ (ಎತ್ತರದ), ಇಳಿಯುವಾಗ ಕೈಶಿಕಿ (ತಗ್ಗಿನ) ನಿಷಾದ ಬರುತ್ತದೆ, ಹಳಬರು ಕೆಲವರು ಎರಡರ ನಡುವೆಯೇ ನಿಲ್ಲುತ್ತಾರೆ. ಅದನ್ನು ನೀವೇ ಕೇಳಿ ಹೇಳಬೇಕು.

ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಚಳಿಯೂ ಅಷ್ಟಿಲ್ಲ. ಪುಟ್ಟನಿಗೆ ಹೇಳಿ, ಡಾಕ್ಟರ ಚೀಟಿಯ ಫೋಟೋ ಕಳಿಸಲಿ. ಬಸ್ಸಿನ ಹೊತ್ತಾಯಿತು, ಅಮ್ಮನಿಗೆ ಬೇರೆ ಬರೆಯುತ್ತೇನೆ.

ನಿಮ್ಮ ಮಗಳು