ಜರ್ಮನಿಯ ಲೈಪ್‌ಜಿಗ್‌ಗೆ ಹೊರಟ ಮಂಜುಗೆ

ಪ್ರಿಯ ಮಂಜು,

ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ನಂತರದ ಸಂಶೋಧನೆ ಕೆಲಸದ ಕಾಂಟ್ರಾಕ್ಟ್ ಬಂತು ಅಂದೆಯಲ್ಲ, ಸಹಿ ಹಾಕೋ ಮುಂಚೆ ಸಂಬಳದ ಸಾಲನ್ನ ಸರಿಯಾಗಿ ಓದು. ಟಿವಿ-ಎಲ್ ಇ13 ಅಂತ ಇರುತ್ತೆ, ಅಂದ್ರೆ ಅಲ್ಲಿನ ರಾಜ್ಯಗಳ ಸರ್ಕಾರಿ ನೌಕರರ ಸಂಬಳ ಒಪ್ಪಂದದ 13ನೇ ಶ್ರೇಣಿ. ದುಡ್ಡಿನ ವ್ಯತ್ಯಾಸ ಇರೋದು ಅದರೊಳಗಿನ ‘ಶ್ಟೂಫ’ದಲ್ಲಿ, ಅಂದ್ರೆ ಮೆಟ್ಟಿಲಲ್ಲಿ. ಅದೇ ಬಗೆಯ ಕೆಲಸ ಮೂರು ವರ್ಷ ಮಾಡಿರೋದಕ್ಕೆ ಕಾಗದ ಕೊಟ್ಟರೆ ಮೂರನೇ ಮೆಟ್ಟಿಲು ಕೇಳಬಹುದು, ಏನೂ ಇಲ್ಲದಿದ್ದರೆ ಒಂದನೆಯದು. ನಮ್ಮ ಕಾಲೇಜುಗಳು ಬರೆದುಕೊಡೋ ‘ನಡತೆ ತೃಪ್ತಿಕರವಾಗಿದೆ’ ಸರ್ಟಿಫಿಕೇಟು ಅಲ್ಲಿ ಉಪಯೋಗಕ್ಕಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಏನು ಕೆಲಸ, ಇಷ್ಟೂ ಲೆಟರ್‌ಹೆಡ್ಡಿನಲ್ಲಿ ಬರಬೇಕು. ಇಲ್ಲಿಂದ ಹೊರಡೋ ಮೊದಲೇ ಮಾಡಿಸಿಕೋ. ಸೇರಿಕೊಂಡ ಮೇಲೆ ಮೆಟ್ಟಿಲು ಬದಲಿಸೋದು ದೊಡ್ಡ ರಗಳೆ.

ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಓನರ್ ಸಹಿ ಮಾಡಿದ ಚೀಟಿ ಬೇಕು. ಬಾಡಿಗೆ ಕರಾರು ಪತ್ರ ಅದರ ಬದಲಿಗೆ ನಡೆಯಲ್ಲ. ನೋಂದಣಿ ಆದಮೇಲೆ ಟ್ಯಾಕ್ಸ್ ನಂಬರು ಅಂಚೆಯಲ್ಲಿ ಬರುತ್ತೆ. ಎಡವೋದು ಇಲ್ಲೇ. ನಮ್ಮೂರಲ್ಲಾದರೆ ಪೋಸ್ಟ್‌ಮ್ಯಾನ್ ‘ಮೇಷ್ಟ್ರ ಮನೆ’ ಅಂತ ಹುಡುಕಿ ಕೊಟ್ಟು ಹೋಗ್ತಾನೆ, ಅಲ್ಲಿ ಮನೆಯ ಅಂಚೆ ಡಬ್ಬಿ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ಸು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಆಗಿದ್ದರೆ ಲಕೋಟೆ ಬರೋದು ಅದೇ ಹೆಸರಿಗೆ. ಡಬ್ಬಿಗೂ ಅದನ್ನೇ ಅಂಟಿಸು, ‘ಮಂಜು’ ಅಂತ ಬರೆದು ಕೂರಬೇಡ. ನಂಬರು ತಲುಪದಿದ್ದರೆ ಮೊದಲ ಸಂಬಳದಲ್ಲೇ ಆರನೇ ವರ್ಗದ ತೆರಿಗೆ, ಅಂದ್ರೆ ಎಲ್ಲಕ್ಕಿಂತ ಹೆಚ್ಚಿನದು, ಮುರಿಯಬಹುದು. ಆಮೇಲೆ ಸರಿಹೋಗುತ್ತೆ, ಆದರೆ ಮನೆ ಅಡ್ವಾನ್ಸ್ ಕೊಟ್ಟ ತಿಂಗಳು ಅದು.

ಬಾಗಿಲಿಗೆ, ಈಮೇಲಿಗೆ ‘ಡಾ.’ ಅಂತ ಹಾಕೋಕೂ ಅಲ್ಲಿ ಕಾನೂನಿದೆ, ನಗಬೇಡ. ಭಾರತದ ಪಿಎಚ್‌ಡಿಯನ್ನ ಪಡೆದ ರೂಪದಲ್ಲೇ, ವಿಶ್ವವಿದ್ಯಾಲಯದ ಹೆಸರಿನ ಸಮೇತ ಬರೀಬೇಕು. 2008ರಲ್ಲಿ ಅಮೆರಿಕದ ಪಿಎಚ್‌ಡಿ ಇದ್ದ ವಿಜ್ಞಾನಿಗಳನ್ನೇ ಪೊಲೀಸರು ಇದಕ್ಕಾಗಿ ವಿಚಾರಿಸಿದ್ದರು.

ಇನ್ನು ವರ್ಷದ ಲೆಕ್ಕ. 2007ರ ಕಾನೂನಿನ ಪ್ರಕಾರ ಪಿಎಚ್‌ಡಿ ಆದಮೇಲೆ ಅವಧಿ ಕಾಂಟ್ರಾಕ್ಟಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಆರು ವರ್ಷ, ವೈದ್ಯಕೀಯದಲ್ಲಿ ಒಂಬತ್ತು. ಮಕ್ಕಳಿದ್ದರೆ ತಲಾ ಎರಡು ವರ್ಷ ಸೇರಿಸಲು ಅವಕಾಶ ಇದೆ. ಪ್ರಾಜೆಕ್ಟ್ ದುಡ್ಡಿನಲ್ಲಿ ಮುಂದಕ್ಕೂ ಎಳೆಯಬಹುದು, ಕಾಯಂ ಕೆಲಸ ಮಾತ್ರ ಅಪರೂಪ. ಈ ಕಾನೂನನ್ನ ವಿವರಿಸೋ ಸರ್ಕಾರಿ ವಿಡಿಯೋದಲ್ಲಿ ಹನ್ನಾ ಅನ್ನೋ ಪಾತ್ರ ಇತ್ತು; 2021ರಲ್ಲಿ ‘ಇಶ್ ಬಿನ್ ಹನ್ನಾ’, ಅಂದ್ರೆ ‘ನಾನೇ ಹನ್ನಾ’ ಅಂತ ಅಲ್ಲಿನ ಸಂಶೋಧಕರೇ ಸಿಡಿದೆದ್ದದ್ದು ಇದಕ್ಕೇ. ‘ಹೋದ ಮೇಲೆ ನೋಡೋಣ’ ಅನ್ನದೆ, ಐದನೇ ವರ್ಷದಲ್ಲಿ ಎಲ್ಲಿಗೆ ಅರ್ಜಿ ಹಾಕೋದು ಅಂತ ಮೊದಲ ವರ್ಷವೇ ಯೋಚಿಸು.

ಒಂದು ಮರೆತಿದ್ದೆ. ವಿಬಿಎಲ್ ಅನ್ನೋ ಹೆಚ್ಚುವರಿ ಪಿಂಚಣಿಗೆ ಸಂಬಳದಿಂದ ಮುರೀತಾರೆ, ಅದು ಪೂರ್ತಿ ದಕ್ಕೋಕೆ ಸಾಮಾನ್ಯವಾಗಿ 60 ತಿಂಗಳು ತುಂಬಬೇಕು. ನಿನ್ನದು ಮೂರು ವರ್ಷದ ಕಾಂಟ್ರಾಕ್ಟ್. ಸೇರಿದ ಎರಡು ತಿಂಗಳೊಳಗೆ ಅರ್ಜಿ ಕೊಟ್ಟರೆ ಅದರಿಂದ ಹೊರಗುಳಿದು, ಕಾಯೋ ಅವಧಿ ಇಲ್ಲದ ಇನ್ನೊಂದು ಯೋಜನೆಗೆ ಹೋಗಬಹುದು.

ಕಾಂಟ್ರಾಕ್ಟಿನ ಫೋಟೋ ಕಳಿಸು, ಎಷ್ಟನೇ ಮೆಟ್ಟಿಲು ಹಾಕಿದ್ದಾರೆ ನೋಡೋಣ.

ನಿನ್ನ ಗೆಳೆಯ